ಕೂಸಿನ ಜೊತೆ ತವರಿನಿಂದ ಹೊರಡುವ ಮುಂಚೆ

ನಮ್ಮ ಕಲಬುರಗಿ, ಯಾದಗಿರಿ ಹಳ್ಳಿಗಳಲ್ಲಿ ಬಾಣಂತಿ ಮೂರೋ ಐದೋ ತಿಂಗಳಿಗೆ ಗಂಡನ ಮನೆಗೆ ಮರಳುತ್ತಾಳೆ. "ಇನ್ನೂ ಮುಟ್ಟಾಗಿಲ್ಲ, ಬಸಿರು ನಿಲ್ಲೋದಿಲ್ಲ" ಎಂದು ನಂಬಿ ಮೋಸಹೋಗುವುದು ಆಗಲೇ. ಮುಟ್ಟಿಗಿಂತ ಸುಮಾರು ಎರಡು ವಾರ ಮೊದಲೇ ಅಂಡ ಬಿಡುಗಡೆಯಾಗಿರುತ್ತದೆ. ಹೆರಿಗೆಯಿಂದ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳು ಬೇಕು, ಗರ್ಭಪಾತವಾಗಿದ್ದರೆ 6 ತಿಂಗಳು. ಆದ್ದರಿಂದ ತವರಿನಲ್ಲಿರುವಾಗಲೇ ಬಸಿರು ತಡೆಯುವ ಒಂದು ವಿಧಾನ ಆರಿಸಿಕೊಳ್ಳಿ.

ಎದೆಹಾಲೇ ತಡೆಯುತ್ತದೆ ಎನ್ನಲು ಮೂರೂ ಷರತ್ತು ಕೂಡಿಬರಬೇಕು: ಕೂಸಿಗೆ 6 ತಿಂಗಳು ತುಂಬಿರಬಾರದು, ಮುಟ್ಟು ಬಂದಿರಬಾರದು, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು. ಸಕ್ಕರೆ ನೀರು, ಡಬ್ಬಿ ಹಾಲು ಶುರುವಾದರೆ ಈ ಭರವಸೆ ಮುಗಿಯಿತು.

ಗರ್ಭಕೋಶದೊಳಗೆ ಇಡುವ ವಂಕಿ (ಕಾಪರ್-ಟಿ) ಬೇಕಿದ್ದರೆ ಹೆರಿಗೆಗೆ ಮೊದಲೇ ಹೇಳಿ, ತಾಯಿ ಕಾರ್ಡಿನಲ್ಲಿ ಬರೆಸಿ. ಹೆರಿಗೆಯಾದ 48 ಗಂಟೆಯೊಳಗೆ ಹಾಕುತ್ತಾರೆ. ಆ ಹೊತ್ತು ತಪ್ಪಿದರೆ 6 ವಾರ ಕಾಯಬೇಕು. ಮೊದಲ ಕೆಲವು ತಿಂಗಳು ಮುಟ್ಟು ಹೆಚ್ಚು ಹೋಗಬಹುದು, ರಕ್ತ ತೀರ ಕಡಿಮೆಯಿರುವವರು ವೈದ್ಯರಿಗೆ ತಿಳಿಸಲೇಬೇಕು.

ಬಸಿರು ತಡೆಯುವ ಅಂತರಾ ಇಂಜೆಕ್ಷನ್ ಹಾಲುಣಿಸುವವರಿಗೆ ಹೆರಿಗೆಯಾಗಿ 6 ವಾರದ ನಂತರ, ಆಮೇಲೆ 3 ತಿಂಗಳಿಗೊಮ್ಮೆ. ಚುಚ್ಚಿದ ಜಾಗ ತಿಕ್ಕಬಾರದು, ಶಾಖ ಕೊಡಬಾರದು. ಹಾಗೆ ಮಾಡಿದರೆ ಔಷಧ ಬೇಗ ಕರಗಿ ಅವಧಿ ಕುಗ್ಗುತ್ತದೆ. ಮುಟ್ಟು ಏರುಪೇರಾಗಬಹುದು, ನಿಂತೇ ಹೋಗಬಹುದು. ಕೆಟ್ಟ ರಕ್ತ ಒಳಗೆ ಕಟ್ಟಿಕೊಳ್ಳುತ್ತದೆ ಎಂಬ ಹೆದರಿಕೆಯಿಂದಲೇ ಎಷ್ಟೋ ಹೆಣ್ಣುಮಕ್ಕಳು ಎರಡನೇ ಡೋಸ್ ಬಿಡುತ್ತಾರೆ. ಹಾಗೇನೂ ಕಟ್ಟಿಕೊಳ್ಳುವುದಿಲ್ಲ, ಗರ್ಭಕೋಶದ ಒಳಪದರವೇ ತೆಳ್ಳಗಾಗಿರುತ್ತದೆ. ತೊಗರಿ ರಾಶಿ ಮುಗಿಸಿ ಪುಣೆಗೋ ಬೆಂಗಳೂರಿಗೋ ಗುಳೆ ಹೋಗುವವರು ಅಂತರಾ ಕಾರ್ಡ್ ಜೊತೆಗಿಟ್ಟುಕೊಳ್ಳಿ, ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ದಿನ ಮೀರಿದರೂ 4 ವಾರದೊಳಗೆ ಹಾಕಿಸಬಹುದು. ಬೇಗ ಇನ್ನೊಂದು ಮಗು ಬೇಕೆನ್ನುವವರಿಗೆ ಇದು ಸಲ್ಲದು: ಕೊನೆಯ ಇಂಜೆಕ್ಷನ್ ನಂತರ ಬಸಿರು ನಿಲ್ಲಲು 7ರಿಂದ 10 ತಿಂಗಳು ಹಿಡಿಯುತ್ತದೆ.

ಬಸಿರು ತಡೆಯುವ ಛಾಯಾ ಮಾತ್ರೆ ಮೊದಲ 3 ತಿಂಗಳು ವಾರಕ್ಕೆರಡು, ಆಮೇಲೆ ಒಂದೇ. ಮುಟ್ಟಾದ ಮೊದಲ ದಿನ ಭಾನುವಾರವಾದರೆ ಭಾನುವಾರ, ಬುಧವಾರ; 3 ತಿಂಗಳ ನಂತರ ಭಾನುವಾರ ಮಾತ್ರ. ಇದರಲ್ಲಿ ಹಾರ್ಮೋನಿಲ್ಲ, ಹಾಲು ಕಡಿಮೆಯಾಗದು. ಮರೆತರೆ ನೆನಪಾದ ಕೂಡಲೇ ನುಂಗಿ, ಮುಂದಿನ ಮುಟ್ಟಿನವರೆಗೆ ನಿರೋಧ್ ಬಳಸಿ. 7 ದಿನ ದಾಟಿದ್ದರೆ ಮತ್ತೆ ವಾರಕ್ಕೆರಡರಿಂದ ಶುರು. ದಿನವೂ ನುಂಗುವ ಹಾರ್ಮೋನ್ ಮಾತ್ರೆ ಮಾಲಾ-ಎನ್ ಮಾತ್ರ ಕೂಸಿಗೆ 6 ತಿಂಗಳಾಗುವ ತನಕ ಬೇಡ, ಹಾಲು ಇಳಿಯಬಹುದು.

ಇವೆಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಆಶಾ ಕಾರ್ಯಕರ್ತೆಯ ಜೊತೆ ಮಾತಾಡುವಾಗ ಗಂಡನೂ, ಸಾಧ್ಯವಾದರೆ ಅತ್ತೆಯೂ ಕೂತಿರಲಿ.