ಸಂಘದ ಪ್ರತಿನಿಧಿ ಯಾರಾಗಬೇಕು? ಚೀಟಿ ಎತ್ತಿ ಸೋತೆವು, ಕೆಲಸ ಒಡೆದು ಗೆದ್ದೆವು

ಮನೆಯಲ್ಲಿ ಬೈಕ್ ಇದ್ದವಳೇ ಪ್ರತಿನಿಧಿ. ನಮ್ಮ ಹೆಂಗಸರ ಸ್ವಸಹಾಯ ಸಂಘದಲ್ಲಿ ಹನ್ನೊಂದು ವರ್ಷ ಹೀಗೇ ನಡೆಯಿತು. ಹಾಗಂತ ಯಾರೂ ನಿಯಮ ಮಾಡಿರಲಿಲ್ಲ. ಬ್ಯಾಂಕು ನಮ್ಮೂರಿಂದ ಹದಿನಾಲ್ಕು ಕಿಲೋಮೀಟರ್. ಗಂಡ ಕರೆದುಕೊಂಡು ಹೋಗಿ ಬಿಡುತ್ತಾನೆ ಅನ್ನುವ ಹೆಂಗಸು ಮಾತ್ರ ತಿಂಗಳಿಗೆ ಎರಡು ಸಲ ಬ್ಯಾಂಕಿಗೆ ಹೋಗಬಲ್ಲಳು. ಬ್ಯಾಂಕಿಗೆ ಹೋಗಿ ಬಂದವಳ ಮಾತಿಗೆ ಸಭೆಯಲ್ಲಿ ತೂಕ ಜಾಸ್ತಿ. ಬೈಕ್ ಇರುವ ಮನೆಯಲ್ಲಿ ಜಮೀನೂ ಇರುತ್ತದೆ. ಹೀಗಾಗಿ ಸಾಲವೂ ಅದೇ ಬೀದಿಯಲ್ಲಿ ಸುತ್ತುತ್ತಿತ್ತು. ಇದು ನನ್ನ ಕಣ್ಣಿಗೆ ಬಿದ್ದದ್ದು ಪುಸ್ತಕ ಬರೆಯುವಾಗ. ಸಾಲದ ಖಾತೆಯ ಹಾಳೆ ತಿರುವಿದರೆ ಅವೇ ಆರು ಹೆಸರು. ಹದಿನಾಲ್ಕು ಜನರ ಸಂಘ ನಮ್ಮದು.

ನಾನು ಪಾವಗಡ ಸೀಮೆಯವಳು. ಸ್ತ್ರೀಶಕ್ತಿ ಯೋಜನೆ ಬಂದದ್ದು 2000-01ರಲ್ಲಿ. ಅದಾಗಿ ನಾಲ್ಕೈದು ವರ್ಷಕ್ಕೆ ನಮ್ಮ ಸಂಘ ಶುರುವಾಯಿತು, ಆಮೇಲೆ ಸರ್ಕಾರದ ಗ್ರಾಮೀಣ ಜೀವನೋಪಾಯ ಯೋಜನೆ ಸಂಜೀವಿನಿಗೆ ಸೇರಿತು. ಮೊದಲ ದಿನದಿಂದ ಪುಸ್ತಕ ಬರೆಯುತ್ತಿರುವವಳು ನಾನೇ. ಸಂಘಗಳ ಲೆಕ್ಕ ಬರೆಯುವ ಎಂಬಿಕೆ, ಸಂಘಗಳಿಗೆ ತರಬೇತಿ ಕೊಡುವ ಎಲ್‌ಸಿಆರ್‌ಪಿ ಕೆಲಸ ಮಾಡುವವರಿಗೆ ಸಂಘದ ಐದು ನಿಯಮ, ಅಂದರೆ ಪಂಚಸೂತ್ರ, ನಾನು ಹೇಳಿಕೊಡಬೇಕಾಗಿಲ್ಲ. ನಾವು ಎಲ್ಲಿ ಎಡವಿದೆವು, ಎಷ್ಟು ದುಡ್ಡು ಹೋಯಿತು, ಕೊನೆಗೆ ಏನು ಕೈಹಿಡಿಯಿತು ಅನ್ನುವುದನ್ನು ಹೇಳುತ್ತೇನೆ. ಲೆಕ್ಕಗಳನ್ನು ನೆನಪಿನಿಂದ ಹೇಳುತ್ತಿದ್ದೇನೆ, ನೂರಿನ್ನೂರು ಆಚೆ ಈಚೆ ಆಗಬಹುದು.

2017ರಲ್ಲಿ ಇಬ್ಬರು ಪ್ರತಿನಿಧಿಗಳನ್ನು ಆರಿಸೋಕೆ ಚೀಟಿ ಎತ್ತಿದೆವು. ಎಲ್ಲರ ಹೆಸರೂ ಬರೆದು ಚೊಂಬಿಗೆ ಹಾಕಿ, ನನ್ನ ಮಗಳ ಕೈಲಿ ಎತ್ತಿಸಿದೆ. ಒಂದು ಚೀಟಿ ಕಾಲೋನಿಯ ಅಕ್ಕನಿಗೆ ಬಂತು, ಇನ್ನೊಂದು ಮದುವೆಯಾಗಿ ಎರಡು ವರ್ಷ ಆಗಿದ್ದ ಹುಡುಗಿಗೆ. ನನಗೆ ಆ ದಿನ ಹಬ್ಬದ ಹಾಗೆ ಇತ್ತು. ಸಂಘದ ಖಾತೆಗೆ ಸಹಿ ಮಾಡುವವರನ್ನು ಬದಲಾಯಿಸೋಕೆ ಠರಾವು, ಫೋಟೋ, ಆಧಾರ್ ಎಲ್ಲ ತಗೊಂಡು ಬ್ಯಾಂಕಿಗೆ ಹೋದರೆ, ಇವತ್ತು ಬಾ ನಾಳೆ ಬಾ ಅಂತ ನಾಲ್ಕು ಸಲ ಅಲೆಸಿದರು. ಅಕ್ಕನದು ಕೂಲಿ ಜೀವನ. ಆಗಿನ ಕೂಲಿ ದಿನಕ್ಕೆ ಸುಮಾರು 250 ರೂಪಾಯಿ. ನಾಲ್ಕು ದಿನದ ಕೂಲಿ ಹೋಯಿತು. ಅದನ್ನು ಕೊಡಬೇಕು ಅನ್ನುವುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಇನ್ನು ಆ ಹುಡುಗಿ. ಸಭೆಗೆ ಅವಳ ಜೊತೆ ಗಂಡನೂ ಬಂದು ಕೂರಲಿ ಅಂತ ಅತ್ತೆ ಮನೆಯವರು ಹಟ ಹಿಡಿದರು. ಅವಳು ಅಳುತ್ತಾ ತವರಿಗೆ ಹೋದಳು.

ಅಷ್ಟರಲ್ಲಿ ಎರಡೂವರೆ ತಿಂಗಳು ಕಳೆದಿತ್ತು. ಖಾತೆ ನಡೆಯುತ್ತಿರಲಿಲ್ಲ. ಜೂನ್ ಜುಲೈಯಲ್ಲಿ ನಮ್ಮ ಕಡೆ ಕಡಲೆಕಾಯಿ ಬಿತ್ತನೆ. ಮೂರು ಲಕ್ಷದ ಬ್ಯಾಂಕ್ ಸಾಲ ಕೈಗೆ ಬಂದದ್ದು ಸೆಪ್ಟೆಂಬರಿನಲ್ಲಿ. ಎಂಟು ಜನ ಬೀಜ ಗೊಬ್ಬರಕ್ಕೆ ಹೊರಗಡೆ ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿಗೆ ಕೈಸಾಲ ತಂದರು. ಆಮೇಲೆ ಕೂತು ಲೆಕ್ಕ ಹಾಕಿದೆ. ತಲಾ ಹದಿನೈದು ಸಾವಿರ ಅಂದರೂ ಮೂರು ತಿಂಗಳಿಗೆ ಹದಿನೆಂಟು ಸಾವಿರದಷ್ಟು ಬಡ್ಡಿಯೇ ಹೋಗಿದೆ. "ನಿನ್ನ ಸಮಾನತೆಗೆ ನಮ್ಮ ಬಿತ್ತನೆ ಹಾಳಾಯ್ತು ಕಣಮ್ಮ" ಅಂತ ಒಬ್ಬ ದೊಡ್ಡಮ್ಮ ಸಭೆಯಲ್ಲೇ ಅಂದರು. ಅವರು ಹೇಳಿದ್ದು ನಿಜ. ಹಳೆಯ ಪ್ರತಿನಿಧಿಗಳೇ ಮತ್ತೆ ಬಂದರು.

ಮುಂದಿನ ವರ್ಷ ತರಬೇತಿ ಮಾಡಿಸಿದೆವು. ಎರಡು ದಿನ ಶಾಮಿಯಾನ, ಊಟ, ಪಟ್ಟಣದಿಂದ ಮಾತಾಡುವವರು. ನಾಯಕತ್ವದ ಗುಣಗಳು ಅಂತ ಬಣ್ಣದ ಚಾರ್ಟು ತೂಗು ಹಾಕಿದರು. ಸಂಘದ ಲಾಭದಲ್ಲಿ ಒಂಬತ್ತು ಸಾವಿರದ ಹತ್ತಿರ ಖರ್ಚಾಯಿತು. ತಿಂಗಳಾದ ಮೇಲೆ, ಈ ಸಲ ಬ್ಯಾಂಕಿಗೆ ಯಾರು ಹೋಗುತ್ತೀರಿ ಅಂತ ಕೇಳಿದೆ. ಎಲ್ಲರೂ ನೆಲ ನೋಡಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಡಾವಳಿ ಪುಸ್ತಕದ ಹಿಂದಿನ ಹಾಳೆಯಲ್ಲಿ, ಪ್ರತಿನಿಧಿ ಅನ್ನಿಸಿಕೊಂಡವಳು ಒಂದು ತಿಂಗಳಲ್ಲಿ ಏನೇನು ಮಾಡುತ್ತಾಳೆ ಅಂತ ಒಂದೊಂದೇ ಬರೆದೆ. ಸಭೆಗೆ ಕರೆಯುವುದು. ಉಳಿತಾಯದ ದುಡ್ಡು ಎಣಿಸುವುದು. ಕಂತು ಕಟ್ಟದವರ ಮನೆಗೆ ಹೋಗುವುದು. ಮೇಕೆಗೆ ಅಂತ ಸಾಲ ತಗೊಂಡವಳು ಮೇಕೆ ತಂದಳಾ ಅಂತ ನೋಡಿ ಬರುವುದು. ಜಗಳ ಬಿಡಿಸುವುದು. ಪಂಚಾಯಿತಿಯ ಸಂಘಗಳೆಲ್ಲ ಸೇರಿದ ಒಕ್ಕೂಟದ ಸಭೆಗೆ ಹೋಗಿ ಬಂದು ಸುದ್ದಿ ಹೇಳುವುದು. ಹೀಗೆ ಹದಿನೇಳೋ ಹದಿನೆಂಟೋ ಕೆಲಸ ಆದವು. ಓದು ಬರಹ ಬೇಕೇ ಬೇಕು ಅನ್ನುವಂಥವು ಅದರಲ್ಲಿ ಮೂರೇ ಮೂರು. ಬೈಕ್ ಬೇಕಾದದ್ದು ಎರಡಕ್ಕೆ. ಮಿಕ್ಕ ಕೆಲಸ ಯಾರು ಬೇಕಾದರೂ ಮಾಡಬಹುದಿತ್ತು. ಇಷ್ಟು ವರ್ಷ ನಾವು ಅದನ್ನೆಲ್ಲ ಒಂದೇ ಗಂಟು ಕಟ್ಟಿ ಒಬ್ಬಳ ತಲೆ ಮೇಲೆ ಇಟ್ಟಿದ್ದೆವು.

2019ರಲ್ಲಿ ಗಂಟು ಬಿಚ್ಚಿದೆವು. ಸಹಿ ಮಾಡುವವರನ್ನು ಮುಟ್ಟಲಿಲ್ಲ, ಅವರು ಹಾಗೇ ಇರಲಿ ಅಂತ ಬಿಟ್ಟೆವು. ಕೆಲಸ ಮಾತ್ರ ಹಂಚಿದೆವು. ಒಂದು ಕೆಲಸಕ್ಕೆ ಇಬ್ಬರು, ಗೊತ್ತಿರುವವಳು ಒಬ್ಬಳು, ಗೊತ್ತಿಲ್ಲದವಳು ಒಬ್ಬಳು. ಮೂರು ತಿಂಗಳಿಗೆ ಒಂದು ಸರದಿ. ಮೂರನೇ ತಿಂಗಳು ಗೊತ್ತಿರುವವಳು ಜೊತೆಗೆ ಹೋಗಬೇಕು, ಬಾಯಿ ಬಿಡುವ ಹಾಗಿಲ್ಲ. ಎಲ್ಲ ಕೆಲಸ ಒಂದು ಸುತ್ತು ಮುಗಿಸಿದವಳ ಹೆಸರು ಮಾತ್ರ ಎರಡು ವರ್ಷಕ್ಕೊಮ್ಮೆ ಸಹಿಗೆ ಬರುತ್ತದೆ. ಬ್ಯಾಂಕಿಗೆ ಹೋದ ದಿನ ಬಸ್ ಚಾರ್ಜು, ಜೊತೆಗೆ 150 ರೂಪಾಯಿ ಸಂಘದಿಂದ. ಯಾರನ್ನು ಯಾರ ಜೊತೆ ಜೋಡಿ ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಅರ್ಧ ಕೆಲಸ ಅದರಲ್ಲೇ ಇದೆ. ಅತ್ತಿಗೆ ನಾದಿನಿಯನ್ನು ಜೋಡಿ ಮಾಡಬೇಡಿ, ಅಷ್ಟು ಹೇಳಬಲ್ಲೆ.

150 ರೂಪಾಯಿಗೆ ದೊಡ್ಡ ಗಲಾಟೆ ಆಯಿತು. ಸಂಘದ ದುಡ್ಡು ತಿನ್ನಿಸುತ್ತಿದ್ದೀಯ ಅಂದರು. ಮೇಲಿನಿಂದ ಬಂದ ಒಬ್ಬರು, "ಓದು ಬರದವರ ಕೈಗೆ ಕೊಟ್ಟರೆ ವರ್ಷದಲ್ಲಿ ಸಂಘ ಮುಳುಗುತ್ತೆ, ಬರೆದಿಟ್ಟುಕೊಳ್ಳಿ" ಅಂದರು. ನಾನು ನಿಜವಾಗಿಯೂ ತಾರೀಖು ಹಾಕಿ ಬರೆದಿಟ್ಟುಕೊಂಡೆ. ವರ್ಷಕ್ಕೆ ಈ ಖರ್ಚು ನಾಲ್ಕು ಸಾವಿರ ದಾಟಲಿಲ್ಲ. ಅದಕ್ಕೂ ಮುಂಚೆ ಬಾಕಿ ಬಿದ್ದ ಕಂತುಗಳು ಎಪ್ಪತ್ತು ಸಾವಿರ ಇದ್ದವು. ಒಂದೂವರೆ ವರ್ಷದಲ್ಲಿ ಅದು ಹತ್ತು ಸಾವಿರದ ಒಳಗೆ ಬಂತು.

ವಸೂಲಿ ಮಾಡಿದ್ದು ಯಾರು ಅಂತ ಹೇಳಲೇಬೇಕು. ಆರು ವರ್ಷ ಸಭೆಯಲ್ಲಿ ಒಂದು ಮಾತೂ ಆಡದೆ ಮೂಲೆಯಲ್ಲಿ ಕೂರುತ್ತಿದ್ದ ಒಬ್ಬ ಹೆಂಗಸು. ನಮ್ಮದು ಗಡಿ ಸೀಮೆ, ಸುತ್ತ ಆಂಧ್ರ. ಮನೆಯಲ್ಲಿ ತೆಲುಗು ಮಾತಾಡುವವರು ಸುಮಾರು ಜನ ಇದ್ದಾರೆ. ನಾನು ನಡಾವಳಿ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಓದುತ್ತಿದ್ದೆ. ಅವರಿಗೆ ಅರ್ಥವಾಗುತ್ತಿತ್ತು, ಆದರೆ ಎದ್ದು ಮಾತಾಡುವಷ್ಟು ಧೈರ್ಯ ಆ ಭಾಷೆಯಲ್ಲಿ ಇರಲಿಲ್ಲ. ಒಂದು ಸಲ ಠರಾವು ಓದಿ ಮುಗಿಸಿ, ಸುಮ್ನೆ "ಏಮಂಟಾರಮ್ಮಾ?" ಅಂತ ಕೇಳಿದೆ. ಆ ಹೆಂಗಸು ಹತ್ತು ನಿಮಿಷ ಮಾತಾಡಿದರು. ಯಾರ ಮನೆಯಲ್ಲಿ ಯಾವಾಗ ಕಡಲೆಕಾಯಿ ಮಾರಿದರು, ಯಾರಿಗೆ ಹಾಲಿನ ಬಟವಾಡೆ ಯಾವ ದಿನ ಬರುತ್ತದೆ, ಎಲ್ಲ ಬಾಯಲ್ಲೇ ಇತ್ತು. ಬಟವಾಡೆ ಬಂದ ಸಂಜೆಯೇ ಅವರು ಆ ಮನೆ ಬಾಗಿಲಲ್ಲಿ ಹೋಗಿ ಕೂರುತ್ತಿದ್ದರು. ಜೋರು ಮಾತಿಲ್ಲ, ಕಂತು ಕೊಡುವವರೆಗೆ ಎದ್ದು ಬರುತ್ತಿರಲಿಲ್ಲ, ಅಷ್ಟೇ. ಈಗ ಬರೆಯುವುದು ಕನ್ನಡದಲ್ಲಿ, ಓದುವುದು ಎರಡರಲ್ಲೂ.

ಜಾಗದ ವಿಷಯ ಇನ್ನೂ ನೋವಿನದು. ಸಭೆ ಹಳೆಯ ಪ್ರತಿನಿಧಿಯ ಜಗಲಿಯಲ್ಲಿ ನಡೆಯುತ್ತಿತ್ತು. ಕಾಲೋನಿಯ ನಾಲ್ವರು ಅಂಗಳದಲ್ಲೇ ನಿಂತು ದುಡ್ಡು ಕೊಟ್ಟು ಹೋಗುತ್ತಿದ್ದರು. ಅವರಿಗೆ ಆತುರ ಅಂತ ನಾನು ಎಷ್ಟೋ ವರ್ಷ ತಿಳಿದಿದ್ದೆ. ಜಗಲಿ ಹತ್ತಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಸಭೆಯನ್ನು ಶಾಲೆಯ ವರಾಂಡಕ್ಕೆ ತಂದೆವು. ಎಲ್ಲರೂ ಒಂದೇ ಜಮಖಾನದ ಮೇಲೆ ಕೂರಬೇಕು. ಟೀ ಮಾಡುವುದನ್ನೂ ಸರದಿಯ ಕೆಲಸಗಳಲ್ಲಿ ಸೇರಿಸಿದೆವು. ಕಾಲೋನಿಯ ಅಕ್ಕನ ಸರದಿ ಬಂದ ದಿನ ಮೂವರು ಟೀ ಬೇಡ ಅಂದರು. ಎರಡನೇ ಸರದಿಗೆ ಒಬ್ಬರು. ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ, ಯಾಕೆಂದರೆ ಎಲ್ಲರೂ ಕುಡಿಯುತ್ತಿದ್ದರು. ಸಮಯವನ್ನೂ ಬದಲಾಯಿಸಿದೆವು. ಬೆಳಿಗ್ಗೆ ಹನ್ನೊಂದಕ್ಕೆ ಅಂದರೆ ಉದ್ಯೋಗ ಖಾತ್ರಿಗೆ ಹೋಗುವವರು ಬರೋಕಾಗಲ್ಲ. ಈಗ ರಾತ್ರಿ ಎಂಟಕ್ಕೆ, ಊಟ ಮುಗಿಸಿ. ಮುಂಚೆ ಆರೇಳು ಜನ ಸೇರುತ್ತಿದ್ದ ಸಭೆಗೆ ಈಗ ಹನ್ನೆರಡಕ್ಕೆ ಕಡಿಮೆ ಇಲ್ಲ.

ಸಹಿ ಇನ್ನೊಂದು ತಲೆನೋವು. ಹೆಬ್ಬೆಟ್ಟಿನವರನ್ನು ಸಹಿದಾರರಾಗಿ ತಗೊಳ್ಳೋಕೆ ಬ್ಯಾಂಕಿನಲ್ಲಿ ಹಿಂದೆ ಮುಂದೆ ನೋಡುತ್ತಿದ್ದರು. ಕಾಲೋನಿಯ ಅಕ್ಕನಿಗೆ ಪೂರ್ತಿ ಹೆಸರು ಬರೆಯೋಕೆ ಕಲಿಸಿದೆ. ಒಂದೊಂದು ದಿನ ಒಂದೊಂದು ಥರ ಬರುತ್ತಿತ್ತು. ಸಹಿ ಹೊಂದುತ್ತಿಲ್ಲ ಅಂತ ಚೆಕ್ಕು ಎರಡು ಸಲ ವಾಪಸ್ ಬಂತು. ಆಮೇಲೆ ಉಪಾಯ ಮಾಡಿದೆ. ಪೂರ್ತಿ ಹೆಸರು ಬೇಡ, ಎರಡೇ ಅಕ್ಷರ, ಕೆಳಗೊಂದು ಗೆರೆ. ಅಕ್ಕ ಅದನ್ನು ಪುಸ್ತಕದಲ್ಲಿ ತಿದ್ದಲಿಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವಾಗ, ಪಕ್ಕದಲ್ಲಿ ಅವೇ ಎರಡು ಅಕ್ಷರ ರಂಗೋಲಿ ಪುಡಿಯಲ್ಲಿ ಬರೆದು, ಕಾಲಲ್ಲಿ ಒರೆಸಿ, ಮತ್ತೆ ಬರೆಯುತ್ತಿದ್ದರು. ಇಪ್ಪತ್ತು ದಿನಕ್ಕೆ ಕೈ ಕೂತಿತು. ಮೂರನೇ ತಿಂಗಳು ಕೌಂಟರಿನಲ್ಲಿ ಅವರೊಬ್ಬರೇ ನಿಂತಿದ್ದರು. ಅವರ ಜೋಡಿ ಕಂಬದ ಹತ್ತಿರ ಬಾಯಿ ಮುಚ್ಚಿಕೊಂಡು ನಿಂತಿದ್ದಳು. "ಬೇರೆ ಯಾರೂ ಬಂದಿಲ್ವಾ?" ಅಂತ ಒಳಗಿನವರು ಕೇಳಿದರಂತೆ. "ನಾನೇ ಸಾರ್, ನಂದೇ ಸಹಿ" ಅಂದರಂತೆ. ಕೆಲಸ ಮುಗಿಯೋಕೆ ನಲವತ್ತು ನಿಮಿಷ ಹಿಡಿಯಿತು. ಈಗ ಹತ್ತು ನಿಮಿಷ ಸಾಕು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ನಡಾವಳಿಯನ್ನು ವಾಟ್ಸಾಪ್‌ನಲ್ಲಿ ಮಾತಾಗಿ ಕಳಿಸಿ ನೋಡಿದೆ. ಫೋನು ಗಂಡನದೋ ಮಗನದೋ. ಯಾರಿಗೆ ಎಷ್ಟು ಬಾಕಿ ಇದೆ ಅಂತ ಊರಿನ ಗಂಡಸರಿಗೆಲ್ಲ ಗೊತ್ತಾಯಿತು. ಎರಡೇ ವಾರಕ್ಕೆ ನಿಲ್ಲಿಸಿದೆ. ಹುಣಸೆ ಬೀಜದ ಲೆಕ್ಕ ಮಾತ್ರ ಚೆನ್ನಾಗಿ ಬಂತು. ಪ್ರತಿಯೊಬ್ಬಳಿಗೂ ಒಂದು ಬಟ್ಟೆ ಚೀಲ, ಒಂದು ಕಂತಿಗೆ ಒಂದು ಬೀಜ. ಕಟ್ಟಿದಾಗ ಬೀಜ ತೆಗೆದು ಡಬ್ಬಿಗೆ ಹಾಕಬೇಕು. ಓದು ಬರದವರೂ ತಮ್ಮ ಸಾಲ ಎಷ್ಟು ಉಳಿದಿದೆ ಅಂತ ಚೀಲ ಮುಟ್ಟಿ ಹೇಳುತ್ತಾರೆ. ನನ್ನ ಪುಸ್ತಕದ ತಪ್ಪನ್ನು ಈ ಚೀಲ ಎರಡು ಸಲ ಹಿಡಿದಿದೆ. ಒಮ್ಮೆ 600 ರೂಪಾಯಿ, ಒಮ್ಮೆ 1,200.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತಲ್ಲ, ಆಗ ಬೈಕಿನ ಮಾತೇ ಮುಗಿಯಿತು. ಸರ್ಕಾರಿ ಬಸ್ಸು ನಮ್ಮೂರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು. ಮಿಕ್ಕಿದ್ದು ಪ್ರೈವೇಟ್. ಆದರೂ ಆ ಒಂದು ಬಸ್ಸಿಗೆ ಬ್ಯಾಂಕಿನ ಜೋಡಿ ಹೊರಟರೆ ಖರ್ಚಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ.

ಆಮೇಲೆ ಇದನ್ನು ಒಕ್ಕೂಟಕ್ಕೆ ಒಯ್ದೆ. ಅಲ್ಲಿ ನಲವತ್ತೈದರ ಮೇಲೆ ಸಂಘಗಳಿವೆ. ಪದಾಧಿಕಾರಿ ಅಂದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಅನ್ನುವ ಮಾತು ಎಲ್ಲಿಂದ ಬಂತೋ, ಎಲ್ಲರೂ ಅದನ್ನೇ ನಂಬಿದ್ದರು. ನಾನು ಒಂದೇ ಪ್ರಶ್ನೆ ಕೇಳಿದೆ. ನಮ್ಮ ಪಂಚಾಯಿತಿಯ ಅಷ್ಟೂ ಬೀದಿಯನ್ನು ದಿನಾ ನೋಡುವವಳು ಯಾರು? ಕಸದ ಗಾಡಿ ಸ್ವಚ್ಛವಾಹಿನಿ ಓಡಿಸುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಬ್ಯಾಂಕಿನವರ ಸ್ವಉದ್ಯೋಗ ತರಬೇತಿ ಕೇಂದ್ರ ಆರ್‌ಸೆಟಿಯಲ್ಲಿ ಗಾಡಿ ಕಲಿತು ಬಂದವರು, ಏಳನೇ ಕ್ಲಾಸು. ಯಾವ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಯಾವ ಸಂಘ ಒಡೆಯುತ್ತಿದೆ, ಎಲ್ಲ ಗೊತ್ತು. ಈಗ ಅವರೇ ಒಕ್ಕೂಟದ ಅಧ್ಯಕ್ಷೆ. ಇನ್ನೊಬ್ಬರು ಉದ್ಯೋಗ ಖಾತ್ರಿಯಲ್ಲಿ ಕೂಲಿಯವರ ಗುಂಪು ನೋಡಿಕೊಳ್ಳುವ ಕಾಯಕ ಬಂಧು. ಎಡವಟ್ಟು ನೆಟ್‌ವರ್ಕಿನಲ್ಲಿ ಕೂಲಿಯವರ ಹಾಜರಿ ಫೋಟೋ ಹಿಡಿದು ಹಿಡಿದು ತಾಳ್ಮೆ ಕಲಿತವರು. ಅವರನ್ನು ಖಜಾಂಚಿ ಮಾಡಿದೆವು. ಪಂಚಾಯಿತಿಯಲ್ಲಿ 2010ರಿಂದ ನಮಗೆ ಅರ್ಧ ಸೀಟು ಇದೆ. ಸೀಟಿನಲ್ಲಿ ಕೂತ ಎಷ್ಟೋ ಹೆಣ್ಣುಮಕ್ಕಳಿಗೆ ಕೆಲಸ ಕಲಿಯೋಕೆ ಜಾಗ ಸಿಕ್ಕಿರಲಿಲ್ಲ, ಫೈಲು ಗಂಡನ ಕೈಗೆ ಹೋಗುತ್ತಿತ್ತು. ಕಳೆದ ಸಲ ನಮ್ಮ ಸರದಿ ಮುಗಿಸಿದ ಒಬ್ಬಳು ಗೆದ್ದಳು. ಮೊದಲ ಸಭೆಯಲ್ಲೇ ಜಮಾ ಖರ್ಚು ಓದಿ ಅಂತ ಕೇಳಿದಳು. ನನಗೆ ಹೆಮ್ಮೆ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಎಲ್ಲ ಸರಿ ಹೋಗಿದೆ ಅಂತಲ್ಲ. ಮೂರು ಸಂಘಗಳು ಸರದಿ ಶುರು ಮಾಡಿ ಆರೇ ತಿಂಗಳಿಗೆ ಬಿಟ್ಟವು. ಅಲ್ಲಿ ಹಳೆಯ ಪ್ರತಿನಿಧಿಗಳಿಗೆ ಮಾಡಲು ಏನೂ ಕೊಟ್ಟಿರಲಿಲ್ಲ, ಅವಮಾನ ಆಯಿತು ಅಂತ ಹೊರಗೆ ನಿಂತರು. ನಮ್ಮಲ್ಲಿ ಹಾಗಾಗದ ಹಾಗೆ ನಾನು ನಮ್ಮ ಹಳಬರಿಗೆ ಏನು ಕೆಲಸ ಕೊಟ್ಟೆ ಅನ್ನುವುದನ್ನು ಎದುರಿಗೆ ಸಿಕ್ಕರೆ ಹೇಳುತ್ತೇನೆ. ಕಾಲು ಸರಿಯಿಲ್ಲದ ಒಬ್ಬ ತಂಗಿ ಇದ್ದಾಳೆ. ಲೆಕ್ಕದಲ್ಲಿ ಅವಳ ಮುಂದೆ ನಾನೂ ಇಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾಗದೆ ಅವಳ ಬ್ಯಾಂಕಿನ ಸರದಿ ಎರಡು ಸಲ ತಪ್ಪಿತು. ಈ ಸಲ ಆಟೋಗೆ ಹೋಗಿ ಬರಲು 500 ರೂಪಾಯಿ ಸಂಘದಿಂದ ಅಂತ ಠರಾವು ಮಾಡಿದ್ದೇವೆ. ಯಾರೂ ಬೇಡ ಅನ್ನಲಿಲ್ಲ. 2017ರಲ್ಲಿ ನನ್ನನ್ನು ಬೈದ ದೊಡ್ಡಮ್ಮನೇ ಮೊದಲು ಕೈ ಎತ್ತಿದರು. ಮುಂದಿನ ತಿಂಗಳು ಸಹಿ ಬದಲಾಗಬೇಕು. ಅವಳ ಫಾರಂ ತುಂಬಿಸಿ ಇಟ್ಟಿದ್ದೇನೆ, ಫೋಟೋ ಒಂದು ಬಾಕಿ.