ಕರೆಂಟ್ ಇಲ್ಲದ ದಿನ ಲ್ಯಾಪ್‌ಟಾಪ್ ಚಾರ್ಜ್ ಎಳೆಯುವುದು ಹೇಗೆ

ಕಕ್ಕಡದ (ಕೊಡಗಿನಲ್ಲಿ ಜುಲೈ-ಆಗಸ್ಟ್ ಹೊತ್ತಿನ ತಿಂಗಳು) ಮಳೆ ಹಿಡಿಯಿತು ಅಂದರೆ ಮಡಿಕೇರಿ, ಭಾಗಮಂಡಲದ ಕಡೆ ಎಲ್ಲಾದರೂ ಒಂದು ಮರ ಲೈನ್ ಮೇಲೆ ಬೀಳುತ್ತದೆ. ಕರೆಂಟ್ ಮತ್ತೆ ಯಾವಾಗ ಅಂತ ಹೇಳಲಾಗದು. ಮನೆಯಿಂದಲೇ ಕೆಲಸ ಮಾಡುವವರಿಗೆ ಆಗ ಲ್ಯಾಪ್‌ಟಾಪ್ ಬ್ಯಾಟರಿಯೇ ಗತಿ.

ತುಂಬಾ ಜನ ಮೊದಲು ಕೈ ಹಾಕುವುದು ಕೋರ್‌ಗಳಿಗೆ, ಅಂದರೆ ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕಗಳಿಗೆ. ಎಂಟರಲ್ಲಿ ನಾಲ್ಕು ಆಫ್ ಮಾಡಿದರೆ ಅರ್ಧ ಚಾರ್ಜ್ ಉಳಿಯಬೇಕು ಅಲ್ವಾ ಅಂತ ಲೆಕ್ಕ. ಹಾಗಾಗುವುದಿಲ್ಲ. ಕೆಲಸವಿಲ್ಲದ ಕೋರ್ ತಾನಾಗಿಯೇ ನಿದ್ದೆಗೆ ಹೋಗುತ್ತದೆ, ಆಗ ಅದಕ್ಕೆ ಬೇಕಾಗುವ ಕರೆಂಟ್ ತೀರಾ ಕಡಿಮೆ. ನಾಲ್ಕನ್ನು ಮುಚ್ಚಿದರೆ ಉಳಿದವು ಅದೇ ಕೆಲಸಕ್ಕೆ ಜಾಸ್ತಿ ಹೊತ್ತು ದುಡಿಯಬೇಕು. ಅವನ್ನು ಅವುಗಳ ಪಾಡಿಗೆ ಬಿಡಿ.

ಹಿಡಿತ ಬೇಕಾದ್ದು ಟರ್ಬೊ ಮೇಲೆ, ಅಂದರೆ ಭಾರದ ಕೆಲಸ ಬಂದಾಗ ಪ್ರೊಸೆಸರ್ ತನ್ನ ಮಾಮೂಲಿ ಸ್ಪೀಡ್ ದಾಟಿ ಓಡುವುದರ ಮೇಲೆ. ಸ್ಪೀಡ್ ಏರಿದಂತೆ ವೋಲ್ಟೇಜೂ ಏರಬೇಕು, ವೋಲ್ಟೇಜ್ ಎರಡು ಪಟ್ಟಾದರೆ ಖರ್ಚು ನಾಲ್ಕು ಪಟ್ಟು, ಅದರ ಮೇಲೆ ಸ್ಪೀಡಿನ ಖರ್ಚು ಬೇರೆ. ಹಾಗಾಗಿ ಕೊನೆಯ ಆ ಒಂದಿಷ್ಟು ಸ್ಪೀಡೇ ಬ್ಯಾಟರಿಯನ್ನು ತಿಂದು ಹಾಕುವುದು.

ವಿಂಡೋಸ್‌ನಲ್ಲಾದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ನಿಮ್ಮ ಪ್ಲ್ಯಾನ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದು, ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ಕೆಳಗಿನ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಹುಡುಕಿ. ‘ಆನ್ ಬ್ಯಾಟರಿ’ ಎದುರು 100 ಇರುವುದನ್ನು 99 ಮಾಡಿ. ಒಂದೇ ಅಂಕಿ ಇಳಿದರೂ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಟರ್ಬೊ ನಿಂತುಬಿಡುತ್ತದೆ. ‘ಪ್ಲಗ್ಡ್ ಇನ್’ 100ರಲ್ಲೇ ಇರಲಿ. ಆಮೇಲೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟ ತೆರೆದಿಟ್ಟು ಬ್ರೌಸರ್‌ನಲ್ಲಿ ಏನಾದರೂ ಭಾರದ ಪುಟ ತೆರೆಯಿರಿ. ‘ಸ್ಪೀಡ್’ ಅಂಕಿ ‘ಬೇಸ್ ಸ್ಪೀಡ್’ ದಾಟದಿದ್ದರೆ ಕೆಲಸ ಆಯಿತು.

40, 50ಕ್ಕೆ ಇಳಿಸಬೇಡಿ. ಕೆಲಸ ಮುಗಿಯುವುದು ತಡವಾಗುತ್ತದೆ, ಅಷ್ಟು ಹೊತ್ತೂ ಸ್ಕ್ರೀನ್, ವೈಫೈ ಉರಿಯುತ್ತಲೇ ಇರುತ್ತವೆ.

ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಕಾಣುವುದಿಲ್ಲ. ಆಗ ಸೆಟ್ಟಿಂಗ್ಸ್‌ನ ಪವರ್ ಮೋಡ್‌ನಲ್ಲಿ ‘ಬೆಸ್ಟ್ ಪವರ್ ಎಫಿಶಿಯೆನ್ಸಿ’ ಸಾಕು. ಉಬುಂಟು, ಫೆಡೋರಾದವರಿಗೆ ಮೇಲಿನ ಬಲ ಮೂಲೆಯ ಮೆನುವಿನಲ್ಲೇ ‘ಪವರ್ ಸೇವರ್’ ಇದೆ. ಅದರ ಜೊತೆಗೆ ಟಿಎಲ್‌ಪಿಯನ್ನೂ (ಲಿನಕ್ಸ್‌ನಲ್ಲಿ ಬ್ಯಾಟರಿ ಉಳಿಸುವ ಇನ್ನೊಂದು ಸಾಫ್ಟ್‌ವೇರ್) ಹಾಕಿಕೊಳ್ಳಬೇಡಿ, ಒಂದು ಇಟ್ಟದ್ದನ್ನು ಇನ್ನೊಂದು ಬದಲಿಸುತ್ತದೆ.

ಮೀಟಿಂಗ್‌ನಲ್ಲಿ ನಿಮ್ಮ ಕ್ಯಾಮೆರಾ ಆಫ್ ಇರಲಿ. ವಿಡಿಯೋ ಕಳಿಸುವ ಕೆಲಸ ಪ್ರೊಸೆಸರನ್ನು ಬಿಡುವಿಲ್ಲದೆ ದುಡಿಸುತ್ತದೆ, ಹಾಟ್‌ಸ್ಪಾಟ್ ಕೊಡುತ್ತಿರುವ ಮೊಬೈಲ್ ಚಾರ್ಜೂ ಅದರ ಜೊತೆಗೇ ಇಳಿಯುತ್ತದೆ. ಮೋಡ ಕವಿದ ದಿನ ಮನೆಯೊಳಗೆ ಸ್ಕ್ರೀನ್ ಬೆಳಕು ಅರ್ಧಕ್ಕಿಂತ ಕಡಿಮೆ ಇದ್ದರೂ ಓದಲು ತೊಂದರೆಯಿಲ್ಲ.

ಇನ್ನೊಂದು ವಿಷಯ, 80% ಚಾರ್ಜ್ ಮಿತಿ. ಸದಾ 100ರಲ್ಲಿ ನಿಂತ ಲಿಥಿಯಂ ಬ್ಯಾಟರಿ ಬೇಗ ಸವೆಯುತ್ತದೆ, ಅದಕ್ಕೇ ಹಲವು ಕಂಪನಿಗಳು ತಮ್ಮ ಆ್ಯಪ್‌ನಲ್ಲಿ ಈ ಮಿತಿ ಕೊಟ್ಟಿವೆ, ಒಳ್ಳೆಯದೇ. ಆದರೆ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ತೆಗೆದು 100 ತುಂಬಿಸಿಡಿ. ಲೈನ್ ಹೋದ ದಿನ ಆ 20 ಬೇಕೇ ಬೇಕು. ಮಳೆಗಾಲ ಮುಗಿದ ಮೇಲೆ ಮತ್ತೆ 80ಕ್ಕೆ ಇಳಿಸಿದರಾಯಿತು.