3200ರ ರ‍್ಯಾಮ್ ಹಾಕಿದೆ, 2400 ತೋರಿಸ್ತಿದೆ, ಅದೇ ಸರಿ

ಮಡಿಕೇರಿ ಹತ್ರ ನಮ್ದೊಂದು ಸಣ್ಣ ಹೋಂಸ್ಟೇ. ಬುಕಿಂಗು, ತೋಟದ ಕೆಲ್ಸದವ್ರ ಸಂಬಳದ ಲೆಕ್ಕ, ಫೋಟೋ ಎಡಿಟಿಂಗು ಎಲ್ಲಾ ಒಂದೇ ಹಳೇ ಲ್ಯಾಪ್‌ಟಾಪಲ್ಲಿ, ಐ5-8250ಯು ಪ್ರೊಸೆಸರ್ರು, 8 ಜಿಬಿ ರ‍್ಯಾಮು. ಟ್ಯಾಬ್ ಜಾಸ್ತಿ ತೆಗೆದ್ರೆ ಮೌಸೂ ಅಲ್ಲಾಡಲ್ಲ. ಹೊಸದು ತಗೊಳ್ಳೋ ಮನಸ್ಸಿರ್ಲಿಲ್ಲ, ಇನ್ನೊಂದು 8 ಜಿಬಿ ಹಾಕೋಣ ಅನ್ಕೊಂಡೆ.

ಮೊದ್ಲು ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್, ಮೆಮೊರಿ ನೋಡ್ದೆ. ಸ್ಪೀಡ್ 2400, ಎರಡು ಸ್ಲಾಟಲ್ಲಿ ಒಂದು ಖಾಲಿ. ಪ್ರೊಸೆಸರ್ ಹೆಸರು ಹಾಕಿ ಇಂಟೆಲ್ ಸೈಟಲ್ಲಿ ಹುಡುಕಿದ್ರೆ ಡಿಡಿಆರ್4 (ಅಂದ್ರೆ ರ‍್ಯಾಮಿನ ನಾಲ್ಕನೇ ತಲೆಮಾರು) 2400 ತನಕ ಮಾತ್ರ ಅಂತ ಬರೆದಿದೆ. ನಿಜವಾಗಿ ನೋಡ್ಬೇಕಾದ ನಂಬರ್ ಇದು, ಯಾಕಂದ್ರೆ ಮೆಮೊರಿ ಕಂಟ್ರೋಲರ್ ಇರೋದು ಪ್ರೊಸೆಸರ್ ಒಳಗೇ, ಅದು ಎಷ್ಟು ಓಡಿಸುತ್ತೋ ರ‍್ಯಾಮ್ ಅಷ್ಟೇ ಓಡೋದು.

ಮೈಸೂರಿನ ಅಂಗಡೀಲಿ 2400ರದ್ದು ಇರ್ಲಿಲ್ಲ, 3200 ಇತ್ತು, ತಗೊಂಡೆ. ಡಿಡಿಆರ್4ಗೆ ಡಿಡಿಆರ್4 ಆದ್ರೆ ಜಾಸ್ತಿ ಸ್ಪೀಡಿಂದು ಸಾಮಾನ್ಯವಾಗಿ ತಾನೇ ಕೆಳಗಿಳಿದು ಓಡುತ್ತೆ, ಎರಡು ಬೇರೆ ಬೇರೆ ಸ್ಪೀಡಿಂದು ಇದ್ರೆ ಎರಡೂ ನಿಧಾನದ್ದರ ಲೆಕ್ಕಕ್ಕೇ ಬರುತ್ತೆ. ಡಿಡಿಆರ್3 ಆಗ್ಲಿ ಡಿಡಿಆರ್5 ಆಗ್ಲಿ ಕೂರೋದೇ ಇಲ್ಲ, ಕಚ್ಚು ಇರೋ ಜಾಗಾನೇ ಬೇರೆ.

ಹಾಕೋದು ಕಷ್ಟ ಇಲ್ಲ. ಚಾರ್ಜರ್ ತೆಗೆದು, ಹಿಂದಿನ ಮುಚ್ಚಳ ಬಿಚ್ಚಿ, ಬ್ಯಾಟರಿ ಕನೆಕ್ಟರ್ ಬಿಡಿಸಿ, ಓರೆಯಾಗಿ ತೂರಿಸಿ ಕೆಳಗೆ ಒತ್ತಿದ್ರೆ ಎರಡೂ ಕಡೆ ಕ್ಲಿಪ್ ಟಕ್ ಅನ್ನುತ್ತೆ. ನಮ್ಮ ಮಳೆಗಾಲದ ಥಂಡಿಗೆ ಏನಿಟ್ರೂ ಬೂಸ್ಟು ಹಿಡಿಯುತ್ತೆ, ಹಳೇ ರ‍್ಯಾಮ್ ಸ್ಟಿಕ್ಕಿನ ಚಿನ್ನದ ಬಣ್ಣದ ಕಾಲುಗಳನ್ನೂ ರಬ್ಬರಲ್ಲಿ ಮೆಲ್ಲಗೆ ಉಜ್ಜಿ ಹಾಕ್ದೆ. ಮೊದಲ ಸಲ ಆನ್ ಮಾಡ್ದಾಗ ಸ್ಕ್ರೀನ್ ಸ್ವಲ್ಪ ಹೊತ್ತು ಕಪ್ಪಗೇ ಇರುತ್ತೆ, ಹೊಸ ರ‍್ಯಾಮನ್ನ ಅದು ಪರೀಕ್ಷೆ ಮಾಡ್ಕೊಳ್ತಿರುತ್ತೆ, ಗಾಬರಿಯಾಗಿ ಆಫ್ ಮಾಡ್ಬೇಡಿ.

ಅಕ್ಕನ ಮಗ ಬಂದು, ಪ್ರೊಸೆಸರ್ರು, ರ‍್ಯಾಮಿನ ವಿವರ ತೋರಿಸೋ ಸಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ಹಾಕಿ ನೋಡಿ, "ಮಾಮ, ಅಂಗಡಿಯವ್ರು ನಿಮ್ಗೆ ಟೋಪಿ ಹಾಕಿದ್ದಾರೆ, 3200 ಅಂತ ಕೊಟ್ಟು 1200 ಇದೆ ನೋಡಿ" ಅಂದ. ಟೋಪಿ ಅಲ್ಲ ಕಣೋ ಅಂತ ಕೂರಿಸ್ಕೊಂಡು ಹೇಳ್ದೆ. ಅಲ್ಲಿ ಕಾಣೋದು ಗಡಿಯಾರದ ವೇಗ, 1200 ಮೆಗಾಹರ್ಟ್ಸ್. ಡಿಡಿಆರ್ ಅಂದ್ರೆ ಗಡಿಯಾರದ ಒಂದೊಂದು ಬಡಿತಕ್ಕೂ ಎರಡು ಸಲ ಡೇಟಾ ಹೋಗುತ್ತೆ, ಹಾಗಾಗಿ 2400. ಒಂದೊಂದು ಸಲಕ್ಕೆ 8 ಬೈಟ್, ಗುಣಿಸಿದ್ರೆ ಸೆಕೆಂಡಿಗೆ 19,200 ಎಂಬಿ, ಹಳೇ ಸ್ಟಿಕ್ಕಿನ ಲೇಬಲ್ ಮೇಲೆ ಪಿಸಿ4-19200 ಅಂತ ಇರೋದೂ ಇದೇ ಲೆಕ್ಕ.

ಅವ್ನಿಗೆ ಸ್ಪೀಡ್ ಹೋಯ್ತಲ್ಲಾ ಅನ್ನೋ ಬೇಜಾರು. ಆದ್ರೆ ನಂಗೆ ಸಿಕ್ಕಿದ್ದು ಬೇರೆ ಕಡೆಯಿಂದ. ಎರಡು ಸ್ಟಿಕ್ ಆದ್ಮೇಲೆ ಡ್ಯುಯಲ್ ಚಾನೆಲ್, ಎರಡೂ ದಾರೀಲಿ ಡೇಟಾ ಬರುತ್ತೆ, ಲೆಕ್ಕದಲ್ಲಿ ಸೆಕೆಂಡಿಗೆ 38.4 ಜಿಬಿ. 3200ರದ್ದು ಒಂದೇ ಸ್ಟಿಕ್ಕು ಪೂರ್ತಿ ಸ್ಪೀಡಲ್ಲಿ ಓಡಿದ್ರೂ 25.6 ಅಷ್ಟೇ. ಇದ್ರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಇಂಟೆಲ್ ಗ್ರಾಫಿಕ್ಸು ಇದೇ ರ‍್ಯಾಮಿಂದ ತಿನ್ನೋದು, ಹಾಗಾಗಿ ಅದಕ್ಕೂ ಲಾಭ. ಟ್ಯಾಬ್ ತೊಂದ್ರೆ ಹೋಗಿದ್ದಂತೂ 16 ಜಿಬಿ ಆಗಿದ್ರಿಂದ್ಲೇ, ಸ್ಪೀಡಿಂದ ಅಲ್ಲ.

ಇನ್ನು ಅವನ ಹೊಸ ತೆಳ್ಳಗಿನ ಲ್ಯಾಪ್‌ಟಾಪಿಗೂ ಹಾಕೋಣ ಅಂತ ಕೇಳ್ದ. ಅದ್ರಲ್ಲಿರೋದು ಎಲ್‌ಪಿಡಿಡಿಆರ್5 ಅನ್ನೋ ಕಡಿಮೆ ಕರೆಂಟ್ ತಿನ್ನೋ ರ‍್ಯಾಮು, ಬೋರ್ಡಿಗೇ ಬೆಸುಗೆ ಹಾಕಿದ್ದು, ಬಿಚ್ಚಿದ್ರೆ ಸ್ಲಾಟೇ ಸಿಗಲ್ಲ.